ಅಂಜಬಾರದುದು, ಅಂಜಬೇಕಾದುದು

ತುಮಕೂರು ಸೀಮೆಯ ಶರಣೆಯೊಬ್ಬರು ನಮಗೆ ಪತ್ರ ಬರೆದು ತಮ್ಮ ಮನದ ಸಂದೇಹವೊಂದನ್ನು ತೋಡಿಕೊಂಡಿದ್ದಾರೆ. ಅವರ ಮಗಳು ಅಳಿಯಂದಿರು ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ನೆಲೆಸಿದ್ದಾರೆ. ಕೆಲವು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿರುವ ಈ ತಾಯಿಗೆ 13 ವರ್ಷದ ಮೊಮ್ಮಗನ ಒಂದು ಉದ್ಯೋಗ ಚಿಂತೆಯನ್ನು ತಂದಿದೆ. ಬಾಲಕನು ತಂದೆಯ ನೆರವಿನಿಂದ ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ಭೂತಬಂಗಲೆಯೊಂದನ್ನು ಕಟ್ಟುತ್ತಿದ್ದಾನೆ. ಸುಮ್ಮನೆ ನಡೆದು ನೋಡುವ ಬಂಗಲೆಯಲ್ಲ. ವಿದ್ಯುತ್ ಬಂಡಿಯಲ್ಲಿ ಕುಳಿತು ಕತ್ತಲೆಯೊಳಗೆ ಸಾಗಬೇಕು, ದಾರಿಯುದ್ದಕ್ಕೂ ಅಸ್ಥಿಪಂಜರ ಏಳಬೇಕು, ಬಿಳಿಯುಡುಗೆಯ ಆಕೃತಿ ಗಾಜಿನಲ್ಲಿ ಮೂಡಿ ಮರೆಯಾಗಬೇಕು. ಅಕ್ಟೋಬರ್ 31ರ ಸಂಜೆ ನೆರೆಹೊರೆಯ ಮಕ್ಕಳೆಲ್ಲ ಅದನ್ನೇರಲು ಬರುವರಂತೆ.

ತಾಯಿಯವರ ಪ್ರಶ್ನೆಗಳು ಮೂರು. ನಿತ್ಯವೂ ಇಷ್ಟಲಿಂಗಪೂಜೆ ನಡೆಯುವ ಮನೆಯಲ್ಲಿ ದೆವ್ವದ ಆಕೃತಿಗಳನ್ನು ಮಾಡಿ ನಿಲ್ಲಿಸುವುದು ಸಲ್ಲುವುದೆ? ಅಂಥ ಕೆಲಸದಲ್ಲಿ ತೊಡಗಿರುವಾಗ ಕೊರಳಿನ ಲಿಂಗವನ್ನು ತೆಗೆದಿರಿಸಬೇಕೆ? ಕೊನೆಯದಾಗಿ, ವಿದ್ಯುತ್ತಿನಿಂದ ಅಪಾಯವೇನಾದರೂ ಇದೆಯೆ? ಮೊದಲೆರಡು ಪ್ರಶ್ನೆಗಳಿಗೆ ಪತ್ರದ ಎರಡು ಪುಟಗಳು ಸಂದಿವೆ; ಮೂರನೆಯದಕ್ಕೆ ಒಂದೇ ಸಾಲು. ಈ ಅನುಪಾತವೇ ನಮ್ಮನ್ನು ವಿಚಾರಕ್ಕೆ ಹಚ್ಚಿತು. ಇಂತಹ ಸಂದೇಹ ಒಂದು ಮನೆಗೆ ಸೀಮಿತವಾದುದಲ್ಲವಾದುದರಿಂದ ಉತ್ತರವನ್ನು ಈ ಅಂಕಣದಲ್ಲಿಯೇ ಕೊಡುವುದು ಉಚಿತವೆಂದು ಭಾವಿಸಿದ್ದೇವೆ.

ಮೊದಲು ಆ ದಿನದ ಹಿನ್ನೆಲೆಯನ್ನರಿಯಬೇಕು. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ಸ್ಮರಣೆಯ ದಿನ. ಅದರ ಹಿಂದಿನ ಸಂಜೆಯನ್ನು ಹ್ಯಾಲೋವೀನ್ ಎಂದು ಕರೆಯುತ್ತಾರೆ. ಐರ್ಲೆಂಡ್ ಮೊದಲಾದೆಡೆಗಳಲ್ಲಿದ್ದ ಪ್ರಾಚೀನ ಕೆಲ್ಟಿಕ್ ಜನರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಸಂಧಿಯಲ್ಲಿ ಸತ್ತವರ ಆತ್ಮಗಳು ಸುಳಿಯುತ್ತವೆಂದು ನಂಬಿದ್ದರು. 19ನೆಯ ಶತಮಾನದಲ್ಲಿ ವಲಸೆ ಹೋದ ಐರಿಷ್ ಜನರೊಡನೆ ಈ ಆಚರಣೆ ಅಮೆರಿಕವನ್ನು ಸೇರಿತು. ಇಂದು ಅಲ್ಲಿ ಬಹುಮಟ್ಟಿಗೆ ಉಳಿದಿರುವುದು ಮಕ್ಕಳ ವೇಷ ಮತ್ತು ಮಿಠಾಯಿ. ನಮ್ಮ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿಯನ್ನು ಕುರಿತು ಇರುವ ಅಳುಕನ್ನು ಬಲ್ಲವರಿಗೆ ಇದು ತೀರ ಹೊಸದಾಗಿ ತೋರಲಾರದು. ಮನುಷ್ಯನ ಭಯಕ್ಕೆ ದೇಶಭಾಷೆಗಳ ಭೇದವಿಲ್ಲ.

ಇನ್ನು ಬಂಡಿಯ ವಿಚಾರ. ಕತ್ತಲೆಯ ಮನೆಯೊಳಗೆ ವಿದ್ಯುತ್ ಬಂಡಿ ಓಡಿಸುವ ಕಲೆಯ ಒಂದು ತವರು ನ್ಯೂಜೆರ್ಸಿಯೇ ಎಂಬುದು ಆ ತಾಯಿಯವರಿಗೆ ಕುತೂಹಲವೆನಿಸಬಹುದು. ಅಲ್ಲಿಯ ಬ್ರಿಜ್‌ಟನ್ ಎಂಬ ಊರಿನ ಬಳಿ ಲಿಯಾನ್ ಕ್ಯಾಸಿಡಿ ಎಂಬಾತನು ಚಿಕ್ಕದೊಂದು ವಿಹಾರೋದ್ಯಾನವನ್ನು ನಡೆಸುತ್ತಿದ್ದನು. ದೊಡ್ಡ ಉದ್ಯಾನಗಳಲ್ಲಿ ಆಗ ಕತ್ತಲೆಯ ಕಾಲುವೆಯೊಳಗೆ ದೋಣಿಯಲ್ಲಿ ಸಾಗುವ ವಿನೋದ ಪ್ರಸಿದ್ಧವಾಗಿತ್ತು. ಅದನ್ನು ಕಟ್ಟಿಸುವಷ್ಟು ಹಣ ಕ್ಯಾಸಿಡಿಯ ಬಳಿ ಇರಲಿಲ್ಲ. ಆತನು ನೀರನ್ನು ಬಿಟ್ಟನು, ದೋಣಿಯನ್ನು ಬಿಟ್ಟನು. ಒಂದಕ್ಕೊಂದು ಡಿಕ್ಕಿ ಹೊಡೆದು ಆಡುವಂತಹ ಚಿಕ್ಕ ವಿದ್ಯುತ್ ಕಾರನ್ನು ತೆಗೆದುಕೊಂಡು, ನೆಲದ ಮೇಲಿನ ಒಂದೇ ಕಂಬಿಯಿಂದ ಅದಕ್ಕೆ ವಿದ್ಯುತ್ತು ಒದಗಿಸಿ, ಕತ್ತಲೆಯ ಕೊಟ್ಟಿಗೆಯಂತಹ ಕಟ್ಟಡದೊಳಗೆ ತಿರುಚಿ ತಿರುಚಿ ಓಡಿಸಿದನು. ಇಳಿದವನೊಬ್ಬನು ತನ್ನ ಮೈ ಪ್ರೆಟ್ಜೆಲ್‌ನಂತೆ ಹೊಸೆದುಹೋಯಿತೆಂದನಂತೆ. ಪ್ರೆಟ್ಜೆಲ್ ಎಂಬುದು ನಮ್ಮ ಕೋಡುಬಳೆಯ ಬಳಗಕ್ಕೆ ಸೇರಿಸಬಹುದಾದ, ಹೆಣೆದು ಬೇಯಿಸಿದ ತಿನಿಸು. ಆ ಹೆಸರೇ ನಿಂತು, 1928ರಲ್ಲಿ ಪ್ರೆಟ್ಜೆಲ್ ಕಂಪನಿ ಹುಟ್ಟಿತು. ಮುಂದೆ ಅನೇಕ ಊರುಗಳಿಗೆ ಅದರ ಬಂಡಿಗಳು ಹೋದವು. 1930ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ನಗರದಲ್ಲಿ ಇಂಥದೇ ಬಂಡಿ ಬಂದಾಗ, ಅಂದು ಜನಪ್ರಿಯವಾಗಿದ್ದ ಆರ್ನಲ್ಡ್ ರಿಡ್ಲಿಯ ನಾಟಕದ ಹೆಸರನ್ನೇ ಅದಕ್ಕಿಟ್ಟು 'ದೆವ್ವದ ರೈಲು' ಎಂದು ಕರೆದರು.

ಅಂದರೆ ಈ ವಿನೋದದ ಮೂಲದಲ್ಲಿರುವುದು ಸಿರಿವಂತಿಕೆಯಲ್ಲ; ಇಲ್ಲದುದಕ್ಕೆ ಕೊರಗದೆ ಇರುವುದರಲ್ಲಿ ಹೂಡಿಕೊಂಡ ಜಾಣ್ಮೆ. ಬಾಲಕನು ಗ್ಯಾರೇಜಿನಲ್ಲಿ ಮಾಡುತ್ತಿರುವುದೂ ಅದನ್ನೇ.

ಪತ್ರದೊಡನೆ ಬಂದ ಬಾಲಕನ ಕೈಬರಹದ ನಕ್ಷೆಯನ್ನು ನಾವು ನೋಡಿದೆವು. ಗ್ಯಾರೇಜು 20 ಅಡಿ ಉದ್ದ, 20 ಅಡಿ ಅಗಲ. ಅದನ್ನು 5 ಅಡಿ ಅಗಲದ ನಾಲ್ಕು ಓಣಿಗಳಾಗಿ ವಿಭಾಗಿಸಿದ್ದಾನೆ. ಬಂಡಿ ಒಂದರಲ್ಲಿ ಹಿಂದಕ್ಕೆ ಹೋಗಿ, ಮತ್ತೊಂದರಲ್ಲಿ ಮುಂದಕ್ಕೆ ಬಂದು, ಹಾವಿನಂತೆ ಹರಿದು ಹೊರಟ ಮಗ್ಗುಲಿಗೇ ಮರಳುತ್ತದೆ. ತಿರುವುಗಳನ್ನೂ ಕೂಡಿ ದಾರಿ ಸುಮಾರು 80 ಅಡಿ. ಕ್ಷಣಕ್ಕೆ ಒಂದಡಿಯಂತೆ, ಎಂದರೆ ನಾವು ನಡೆಯುವ ವೇಗದ ಕಾಲುಭಾಗದಲ್ಲಿ, ಸಾಗಿದರೆ 80 ಕ್ಷಣದ ಪಯಣ. ಹಗಲಿನಲ್ಲಿ ಹತ್ತು ಹೆಜ್ಜೆಗೆ ಮುಗಿಯುವ ಕೋಣೆ ಕತ್ತಲೆಯಲ್ಲಿ ಕೊನೆಯಿಲ್ಲದ ಗವಿಯಾಗುತ್ತದೆ. ಕಣ್ಣಿಗೆ ಗುರುತು ಸಿಗದೆ, ತಿರುವಿನಲ್ಲಿ ದಿಕ್ಕು ತಪ್ಪಿದಾಗ ಮನಸ್ಸು ತಾನೇ ದೂರವನ್ನು ಹಿಗ್ಗಿಸಿಕೊಳ್ಳುತ್ತದೆ. ಕ್ಯಾಸಿಡಿ ಕಂಡುಕೊಂಡ ಗುಟ್ಟೂ ಇದೇ.

ಬಂಡಿಗೆ ಹಲಗೆಯ ತಳ, ಎರಡೂವರೆ ಅಡಿ ಅಗಲ. ನೆಲದ ಮೇಲೆ ಒಂದೇ ಕಬ್ಬಿಣದ ಕೊಳವೆ. ಬಂಡಿಯ ಮುಂಭಾಗದ ಕೆಳಗಿನ ಕವಲು ಆ ಕೊಳವೆಯನ್ನು ಎರಡು ಕಡೆಯಿಂದ ತಬ್ಬಿಕೊಂಡು ದಾರಿಯನ್ನನುಸರಿಸುತ್ತದೆ. ಹಳೆಯ ವಿದ್ಯುತ್ ಗಾಲಿಕುರ್ಚಿಯಿಂದ ತೆಗೆದ 24 ವೋಲ್ಟಿನ ಮೋಟಾರು ಗಾಲಿಯನ್ನು ತಿರುಗಿಸುತ್ತದೆ. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಾಗಿ ಜೋಡಿಸಿ ಆಸನದ ಕೆಳಗಿಟ್ಟಿದ್ದಾರೆ. ಕ್ಯಾಸಿಡಿಯಂತೆ ನೆಲದ ಕಂಬಿಯಲ್ಲಿ ವಿದ್ಯುತ್ತು ಹರಿಸದೆ ಬಂಡಿಯಲ್ಲಿಯೇ ಬ್ಯಾಟರಿಯನ್ನು ಹೊರಿಸಿರುವುದು ತಂದೆಯ ವಿವೇಕ. ಅದನ್ನು ನಾವು ಮೆಚ್ಚುತ್ತೇವೆ.

ದೆವ್ವಗಳ ರಚನೆ ಇನ್ನೂ ಸರಳ. ಬಂಡಿಯ ಗಾಲಿ ದಾರಿಯ ಬದಿಯ ಸ್ವಿಚ್ಚೊಂದನ್ನು ಒತ್ತುತ್ತದೆ. ಕಾರಿನ ಗಾಜು ಒರೆಸುವ ವೈಪರ್ ಮೋಟಾರು ತಿರುಗುತ್ತದೆ. ಅದರ ಕೈಗೆ ಕಟ್ಟಿದ ಕಡ್ಡಿ ಮೇಲೇಳುತ್ತದೆ. ಕಡ್ಡಿಯ ತುದಿಯ ಅಸ್ಥಿಪಂಜರ ಪೆಟ್ಟಿಗೆಯಿಂದ ತಲೆಯೆತ್ತುತ್ತದೆ. ಮೇಲಿನಿಂದ ಇಳಿಬಿಟ್ಟ ಕಪ್ಪು ನೂಲಿನ ಎಳೆಗಳು ಮುಖಕ್ಕೆ ಸೋಕಿದರೆ ಜೇಡರಬಲೆಯೆಂಬ ಭ್ರಮೆ. ಅದಕ್ಕೆ ಮೋಟಾರೂ ಬೇಡ, ಖರ್ಚೂ ಇಲ್ಲ. ಆದರೆ ಅತಿ ಹೆಚ್ಚು ಮಂದಿ ಕೂಗಿಕೊಳ್ಳುವುದು ಅಲ್ಲಿಯೇ ಇರಬಹುದು.

ಗಾಜಿನಲ್ಲಿ ಮೂಡುವ ಬಿಳಿಯ ಆಕೃತಿಗೆ ದೊಡ್ಡ ಇತಿಹಾಸವಿದೆ. ಹೆನ್ರಿ ಡರ್ಕ್ಸ್ ಎಂಬಾತನು ಕಲ್ಪಿಸಿದ ಉಪಾಯವನ್ನು ಜಾನ್ ಹೆನ್ರಿ ಪೆಪ್ಪರ್ ಎಂಬ ವಿಜ್ಞಾನ ಬೋಧಕನು ರಂಗಕ್ಕೆ ಹೊಂದಿಸಿ, 1862ರ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ತೋರಿಸಿದನು. ನೋಡುವವನ ಮುಂದೆ ಸ್ವಚ್ಛವಾದ ಗಾಜನ್ನು ಓರೆಯಾಗಿ ನಿಲ್ಲಿಸಬೇಕು. ಪಕ್ಕದಲ್ಲಿ, ಕಣ್ಣಿಗೆ ಬೀಳದ ಮರೆಯಲ್ಲಿ, ಆಕೃತಿಯೊಂದನ್ನಿಟ್ಟು ದೀಪ ಬೆಳಗಿಸಿದರೆ ಅದರ ಪ್ರತಿಬಿಂಬ ಗಾಜಿನಾಚೆ ಗಾಳಿಯಲ್ಲಿ ನಿಂತಂತೆ ತೋರುತ್ತದೆ; ದೀಪ ಆರಿಸಿದೊಡನೆ ಮಾಯ. ರಾತ್ರಿ ರೈಲಿನ ಕಿಟಕಿಯ ಗಾಜಿನಲ್ಲಿ ನಮ್ಮ ಮುಖವೇ ಹೊರಗಿನ ಕತ್ತಲೆಯಲ್ಲಿ ತೇಲುವುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ತತ್ತ್ವ. ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ 1969ರಲ್ಲಿ ತೆರೆದ ಜಗತ್ಪ್ರಸಿದ್ಧ ಭೂತಬಂಗಲೆಯಲ್ಲಿ ದೆವ್ವಗಳು ನರ್ತಿಸುವುದೂ ಇದೇ ಗಾಜಿನ ಬಲದಿಂದ.

ಈಗ ತಾಯಿಯವರ ಮೊದಲ ಪ್ರಶ್ನೆಗೆ ಬರೋಣ. ಲಿಂಗಪೂಜೆಯ ಮನೆಯಲ್ಲಿ ದೆವ್ವಕ್ಕೆ ಎಡೆಯುಂಟೆ?

ಶರಣಧರ್ಮದಲ್ಲಿ ಭೂತಪ್ರೇತಗಳಿಗೆ ಪ್ರತ್ಯೇಕ ಸತ್ತೆಯನ್ನು ಕೊಟ್ಟು ಅವಕ್ಕೆ ಹರಕೆ ಹೊರುವ ಪದ್ಧತಿಗೆ ಮನ್ನಣೆಯಿಲ್ಲ. ಮರಕ್ಕೆ, ಮಡಕೆಗೆ, ಮಸಣಕ್ಕೆ ಕೈಮುಗಿಯುವ ಅಂಜುಬುರುಕತನವನ್ನು 12ನೆಯ ಶತಮಾನದ ಶರಣರು ನಿಷ್ಠುರವಾಗಿ ಖಂಡಿಸಿದರು. ಅಂಗೈಯಲ್ಲಿ ಲಿಂಗವನ್ನು ಕೊಟ್ಟ ಗುರು ಅದರೊಡನೆ ಕೊಟ್ಟುದು ನಿರ್ಭಯ. ಹೀಗಿರಲು ಹಲಗೆ, ಬಟ್ಟೆ, ತಂತಿಗಳಿಂದ ಮಾಡಿದ ಗೊಂಬೆ ಅಪಶಕುನವಾಗುವುದೆಂತು? ಇಲ್ಲದುದರ ಗೊಂಬೆ ಗೊಂಬೆಯೇ. ಅದಕ್ಕೆ ಪೂಜೆ ಸಲ್ಲಿಸಿದರೆ ದೋಷ, ಅದನ್ನು ಕಂಡು ನಡುಗಿದರೆ ದೋಷ. ಆಟವೆಂದು ಬಲ್ಲವನು ಆಡಿದರೆ ದೋಷವಿಲ್ಲ.

ವೇಷವೂ ನಮಗೆ ಹೊರತಲ್ಲ. ಕಲ್ಯಾಣದ ಶರಣಸಮೂಹದಲ್ಲಿ ಬಹುರೂಪಿ ಚೌಡಯ್ಯನವರಿದ್ದರು. ನಾನಾ ವೇಷಗಳನ್ನು ಧರಿಸಿ ಜನರನ್ನು ರಂಜಿಸುವುದೇ ಅವರ ಕಾಯಕ. ಆ ಕಾಯಕದವರೆಂದು ಶರಣರು ಅವರನ್ನು ದೂರವಿಡಲಿಲ್ಲ. ವೀರಭದ್ರನ ಗುಗ್ಗುಳದಲ್ಲಿ ಕತ್ತಿ ಹಿರಿದು, ಕಣ್ಣರಳಿಸಿ, ಒಡಪು ಹೇಳುತ್ತ ಕುಣಿಯುವ ಪುರವಂತರನ್ನು ಕಂಡು ತಾಯ ಸೆರಗಿನಲ್ಲಿ ಅಡಗದ ಮಗು ನಮ್ಮಲ್ಲಿ ಯಾವುದಿದೆ? ಆ ಮಗುವೇ ಬೆಳೆದು, ವೇಷದೊಳಗಿರುವವರು ತಮ್ಮ ಓಣಿಯ ಅಣ್ಣನೋ ಮಾವನೋ ಎಂದರಿತಾಗ ಭಯ ಭಕ್ತಿಯಾಗಿ ಮಾರ್ಪಡುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಈ ಬಾಲಕನಿಗೆ ಆಗುತ್ತಿರುವ ನಿಜವಾದ ಲಾಭ ಇಲ್ಲಿದೆ. ದೆವ್ವವನ್ನು ತನ್ನ ಕೈಯಾರೆ ಕಟ್ಟಿದವನು ಇನ್ನೊಬ್ಬನು ತೋರಿಸುವ ದೆವ್ವಕ್ಕೆ ಸುಲಭವಾಗಿ ಮರುಳಾಗನು. ಕತ್ತಲೆಯಲ್ಲಿ ಸದ್ದಾದರೆ 'ಯಾರು' ಎಂದು ನಡುಗುವ ಬದಲು 'ಯಾವುದು, ಹೇಗೆ' ಎಂದು ಕೇಳುವನು. ನಮ್ಮ ನಾಡಿನ ಒಂದು ಸಂಗತಿಯನ್ನು ನೆನೆಯಿರಿ. 1990ರ ದಶಕದಲ್ಲಿ, ರಾತ್ರಿ ಹೆಣ್ಣುದೆವ್ವವೊಂದು ಬಂದು ಪರಿಚಿತರ ದನಿಯಲ್ಲಿ ಬಾಗಿಲು ತಟ್ಟುವುದೆಂಬ ಸುದ್ದಿ ಹಬ್ಬಿ, ಬೆಂಗಳೂರಿನಂಥ ನಗರದಲ್ಲಿಯೂ ಜನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದುಕೊಂಡರು. ಓದುಬಲ್ಲವರೇ ಬರೆದರು, ದೆವ್ವಕ್ಕೂ ಓದು ಬರುವುದೆಂದು ನಂಬಿದರು! ಅಕ್ಷರ ಕಲಿತ ಮಾತ್ರಕ್ಕೆ ಭಯ ಹೋಗದು. ಭಯದ ಯಂತ್ರವನ್ನು ಬಿಚ್ಚಿ ನೋಡಿದವನ ಭಯ ಹೋಗುತ್ತದೆ. ಮಾಟಮಂತ್ರದ ಹೆಸರಿನ ಅಮಾನುಷ ಆಚರಣೆಗಳನ್ನು ತಡೆಯಲು ಕರ್ನಾಟಕದಲ್ಲಿ 2017ರ ಕಾಯಿದೆಯೇ ಬರಬೇಕಾಯಿತು. ದೆವ್ವ ಬಿಡಿಸುವೆನೆಂದು ದುರ್ಬಲರನ್ನು ಹಿಂಸಿಸಿ ಹಣ ಕೀಳುವವನ ಮುಂದೆ ಕುಳಿತಾಗ, ಗ್ಯಾರೇಜಿನಲ್ಲಿ ವೈಪರ್ ಮೋಟಾರು ಜೋಡಿಸಿದ ಕೈ ನಿಜಕ್ಕೂ ಕಾಪಾಡುವ ಕೈಯಾಗುತ್ತದೆ.

ಎರಡನೆಯ ಪ್ರಶ್ನೆ, ಕೊರಳಿನ ಲಿಂಗದ್ದು. ಇಷ್ಟಲಿಂಗವನ್ನು ಅಂಗದಿಂದ ಅಗಲಿಸುವ ಮಾತೇ ಇಲ್ಲ. ಊಟ, ನಿದ್ರೆ, ದುಡಿಮೆ, ಆಟ ಎಲ್ಲದರಲ್ಲಿಯೂ ಅದು ಸಂಗಾತಿ. ಆದರೆ ಇಲ್ಲಿ ಒಂದು ವ್ಯಾವಹಾರಿಕ ಎಚ್ಚರವನ್ನು ಹೇಳಲೇಬೇಕು. ತಿರುಗುವ ಮೋಟಾರಿನ ಮೇಲೆ ಬಾಗಿದಾಗ ತೂಗಾಡುವ ಶಿವದಾರ ಅದಕ್ಕೆ ಸಿಕ್ಕಿಕೊಳ್ಳಬಹುದು. ಬೆಳ್ಳಿಯ ಕರಡಿಗೆ ಬ್ಯಾಟರಿಯ ಎರಡು ತುದಿಗಳಿಗೆ ಒಮ್ಮೆಗೇ ತಾಗಿದರೆ ಕ್ಷಣಾರ್ಧದಲ್ಲಿ ಕಾದು ಎದೆಯನ್ನು ಸುಟ್ಟೀತು. ಬೆಳ್ಳಿ ವಿದ್ಯುತ್ತಿಗೆ ಅತ್ಯುತ್ತಮ ವಾಹಕ. ಆದುದರಿಂದ ಕೆಲಸದ ಹೊತ್ತಿನಲ್ಲಿ ದಾರವನ್ನು ಗಿಡ್ಡ ಮಾಡಿ, ಕರಡಿಗೆಯನ್ನು ವಸ್ತ್ರದಲ್ಲಿ ಸುತ್ತಿ ಅಂಗಿಯೊಳಗೆ ಬಿಗಿಯಾಗಿ ಕಟ್ಟಿಕೊಳ್ಳಲಿ. ಲಿಂಗವೂ ಉಳಿಯಿತು, ಅಂಗವೂ ಉಳಿಯಿತು. ಗಾಲಿಯ ಬಳಿ ಸೀರೆಯ ಸೆರಗು, ದುಪಟ್ಟ, ಬಿಚ್ಚಿದ ಜಡೆ ಇವುಗಳಿಗೂ ಇದೇ ಮಾತು.

ಇನ್ನು ಒಂದೇ ಸಾಲಿನಲ್ಲಿ ಕೇಳಿದ ಮೂರನೆಯ ಪ್ರಶ್ನೆ. ತಾಯಿಯವರು ಅಂಜಬೇಕಾಗಿರುವುದು ಇದಕ್ಕೆ.

ಆ ಭೂತಬಂಗಲೆಯಲ್ಲಿ ಕೊಲ್ಲಬಲ್ಲವು ಎರಡೇ: ವಿದ್ಯುತ್ತು ಮತ್ತು ಬೆಂಕಿ. ಅಮೆರಿಕದ ಮನೆಗಳ ವಿದ್ಯುತ್ತು 120 ವೋಲ್ಟು, ನಮ್ಮದು 230. ಒಂದು ಆಂಪಿಯರಿನ ನೂರನೆಯ ಒಂದು ಭಾಗ, ಎಂದರೆ 10 ಮಿಲಿಆಂಪಿಯರಿನಷ್ಟು ಪ್ರವಾಹ ಕೈಯಲ್ಲಿ ಹರಿದರೆ ಸ್ನಾಯು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗದಂತಾಗುತ್ತದೆ. ನಮ್ಮ ಮನೆಯ 40 ವ್ಯಾಟಿನ ಹಳೆಯ ಬಲ್ಬಿನಲ್ಲಿ ಹರಿಯುವುದು ಸುಮಾರು 170 ಮಿಲಿಆಂಪಿಯರು. ಬಡಪಾಯಿ ಬಲ್ಬಿಗೆ ಸಾಲುವಷ್ಟು ಪ್ರವಾಹ ಮನುಷ್ಯನ ಪ್ರಾಣಕ್ಕೆ ಬೇಕಾದುದಕ್ಕಿಂತ ಹೆಚ್ಚು. ಆದುದರಿಂದ ಬಂಗಲೆಯೊಳಗಿನ ದೀಪ, ಮೋಟಾರುಗಳೆಲ್ಲವೂ 12 ಅಥವಾ 24 ವೋಲ್ಟಿನವೇ ಇರಲಿ. ಅನಿವಾರ್ಯವಾಗಿ ಮನೆಯ ವಿದ್ಯುತ್ತನ್ನು ತರಬೇಕಾದರೆ, ಸೋರಿಕೆಯಾದೊಡನೆ ಪ್ರವಾಹವನ್ನು ಕಡಿಯುವ ಸಾಧನದ ಮೂಲಕವೇ ತರಬೇಕು. ಅಲ್ಲಿ ಅದು ಸುಮಾರು 5 ಮಿಲಿಆಂಪಿಯರಿಗೆ ಕಡಿಯುತ್ತದೆ. ನಮ್ಮ ಮನೆಗಳಲ್ಲಿ ಹಾಕಿಸುವುದು ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. ಓದುಗರಲ್ಲಿ ಎಷ್ಟು ಮನೆಗಳಲ್ಲಿ ಇದಿದೆ? ಇಲ್ಲದಿದ್ದರೆ ಈ ವಾರವೇ ಹಾಕಿಸಿರಿ.

ಬ್ಯಾಟರಿ ಸಾಧುವೆಂದು ಮೈಮರೆಯಬಾರದು. ಒಣಗಿದ ಕೈಗೆ ಅದು ಹೊಡೆಯದಿರಬಹುದು. ಆದರೆ ಎರಡು ತುದಿಗಳು ನೇರವಾಗಿ ಕೂಡಿದರೆ ನೂರಾರು ಆಂಪಿಯರು ನುಗ್ಗಿ ತಂತಿ ಕೆಂಡವಾಗುತ್ತದೆ. ಬ್ಯಾಟರಿಯ ಮಗ್ಗುಲಲ್ಲಿಯೇ ಫ್ಯೂಸ್ ಇರಬೇಕು. ಸೀಸದ ಬ್ಯಾಟರಿಗೆ ಚಾರ್ಜು ತುಂಬುವಾಗ ಹತ್ತಿ ಉರಿಯುವ ಜಲಜನಕ ಅನಿಲ ಹೊರಬರುವುದರಿಂದ ಆ ಕೆಲಸ ಗಾಳಿಯಾಡುವ ಕಡೆ ನಡೆಯಲಿ. ಬಂಡಿಯ ಸ್ವಿಚ್ಚು ಒತ್ತಿಹಿಡಿದಷ್ಟು ಹೊತ್ತು ಮಾತ್ರ ಓಡಿಸುವಂಥದಾಗಿರಲಿ. ಮಗು ಕೈಬಿಟ್ಟರೆ ಬಂಡಿ ತಾನೇ ನಿಲ್ಲುತ್ತದೆ.

ಬೆಂಕಿಯ ಕಥೆ ಇದಕ್ಕಿಂತ ಘೋರ. 1979ರ ಜೂನ್ 9ರ ರಾತ್ರಿ ಆಸ್ಟ್ರೇಲಿಯದ ಸಿಡ್ನಿ ನಗರದ ಲೂನಾ ಪಾರ್ಕಿನಲ್ಲಿ 'ದೆವ್ವದ ರೈಲಿ'ಗೆ ಬೆಂಕಿ ಬಿದ್ದು ಆರು ಮಕ್ಕಳೂ ಒಬ್ಬ ತಂದೆಯೂ ಮಡಿದರು. 1984ರ ಮೇ 11ರಂದು ಇದೇ ನ್ಯೂಜೆರ್ಸಿಯ ಜ್ಯಾಕ್ಸನ್ ಎಂಬಲ್ಲಿ, ವಿಹಾರೋದ್ಯಾನವೊಂದರ ಭೂತದ ಕೋಟೆಯಲ್ಲಿ ಗೋಡೆಯ ಸ್ಪಂಜಿಗೆ ಕಿಡಿ ತಗುಲಿ ಎಂಟು ಮಂದಿ ಹದಿಹರೆಯದವರು ಅಸುನೀಗಿದರು. ನೀರೆರಚುವ ವ್ಯವಸ್ಥೆ ಅಲ್ಲಿರಲಿಲ್ಲ. ಆ ದುರಂತದ ತರುವಾಯವೇ ಅಂಥ ಕಟ್ಟಡಗಳಿಗೆ ಅಮೆರಿಕದಲ್ಲಿ ಕಟ್ಟುನಿಟ್ಟಿನ ನಿಯಮಗಳು ಬಂದವು. ನಮ್ಮಲ್ಲಿ? 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ 90ಕ್ಕೂ ಹೆಚ್ಚು ಜೀವಗಳು ಹೋದವು, ಬಹುಪಾಲು ಮಕ್ಕಳು. 2024ರ ಮೇ 25ರಂದು ಗುಜರಾತಿನ ರಾಜಕೋಟೆಯ ಆಟದ ಮಳಿಗೆಯೊಂದರ ಬೆಂಕಿಯಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತರು. ಇವರಲ್ಲಿ ಒಬ್ಬರನ್ನೂ ದೆವ್ವ ಕೊಲ್ಲಲಿಲ್ಲ.

ಭೂತಬಂಗಲೆಯ ಬೆಂಕಿಗೆ ಒಂದು ವಿಶೇಷ ಕ್ರೌರ್ಯವಿದೆ. ಅಲ್ಲಿ ಕತ್ತಲೆ ಬೇಕೆಂದೇ ಮಾಡಿದ್ದು, ದಾರಿ ತಪ್ಪಿಸಲೆಂದೇ ಕಟ್ಟಿದ್ದು, ಕೂಗು ಎದ್ದರೆ ಹೊರಗಿನವರು ನಗುತ್ತಾರೆ. ಹೊಗೆಯನ್ನೂ ಆಟವೆಂದೇ ಬಗೆಯಬಹುದು. ಆದುದರಿಂದ ಆ ಮನೆಯವರಿಗೆ ನಮ್ಮ ಸೂಚನೆ ಇಷ್ಟು. ಥರ್ಮೋಕೋಲು, ಸ್ಪಂಜು, ಒಣಹುಲ್ಲು, ಪಾಲಿಯೆಸ್ಟರ್ ಪರದೆ ಒಳಗೆ ಬೇಡ. ಪರದೆ ಬೇಕಾದರೆ ಬೆಂಕಿ ತಾಳುವಂತೆ ಸಂಸ್ಕರಿಸಿದ ಬಟ್ಟೆಯೇ ಆಗಲಿ. ಮೊಂಬತ್ತಿ, ಊದುಬತ್ತಿ ಖಂಡಿತ ಕೂಡದು. ಗ್ಯಾರೇಜಿನಿಂದ ಕಾರು, ಪೆಟ್ರೋಲು, ಬಣ್ಣದ ಡಬ್ಬಗಳು ಮೊದಲೇ ಹೊರಗೆ ಹೋಗಲಿ. ಯಾವ ಓಣಿಯಿಂದಲಾದರೂ ತಳ್ಳಿದೊಡನೆ ತೆರೆಯುವ ಹೊರಬಾಗಿಲಿರಲಿ. ಒಂದು ಸಲಕ್ಕೆ ಒಂದೇ ಬಂಡಿ. ಒಳಗೆ ಒಬ್ಬ ಹಿರಿಯರು ನಿಂತಿರಬೇಕು; ಅವರ ಒಂದು ಕೈ ಎಲ್ಲ ದೀಪಗಳನ್ನೂ ಒಮ್ಮೆಗೇ ಬೆಳಗಿಸುವ ಸ್ವಿಚ್ಚಿನ ಮೇಲಿರಲಿ, ಬೆಂಕಿ ನಂದಿಸುವ ಸಿಲಿಂಡರು ಪಕ್ಕದಲ್ಲಿರಲಿ. ಮಿಂಚಿನಂತೆ ಮಿಣುಕುವ ದೀಪ ಬೇಡ. ಅಪಸ್ಮಾರವುಳ್ಳ ಕೆಲವರಿಗೆ ಅದರಿಂದ ಬೇನೆ ಕೆರಳುತ್ತದೆ.

ಧರ್ಮದ ದೃಷ್ಟಿಯಿಂದ ಇನ್ನೊಂದು ಮಾತು ಉಳಿದಿದೆ. ಹೆದರುವುದು ಆಟವಾಗಬೇಕಾದರೆ ಅದು ಹೆದರುವವನ ಇಚ್ಛೆಯಿಂದ ಆಗಬೇಕು. ಅಳುವ ಕೂಸನ್ನು ಎತ್ತಿ ಬಂಡಿಯಲ್ಲಿ ಕೂರಿಸಿ ದೊಡ್ಡವರು ನಗುವುದಾದರೆ ಅದು ವಿನೋದವಲ್ಲ, ಹಿಂಸೆ. ಅಂಥ ಮಗುವಿಗೆ ದೀಪ ಹಾಕಿ, ಕೈಹಿಡಿದು ನಡೆಸಿ ತೋರಿಸಲಿ. ಸಂಜೆಯ ಆಟ ಮುಗಿದ ಮೇಲೆ ಬಾಲಕನು ಎಲ್ಲ ಮಕ್ಕಳನ್ನೂ ಒಳಗೆ ಕರೆದು, ಬೆಳಕಿನಲ್ಲಿ ಒಂದೊಂದು ದೆವ್ವವನ್ನೂ ಬಿಚ್ಚಿ, ಇದು ಮೋಟಾರು, ಇದು ನೂಲು, ಇದು ಗಾಜು ಎಂದು ವಿವರಿಸಲಿ. ಕತ್ತಲೆಯಲ್ಲಿ ಹೆದರಿಸಿ ಕಳುಹಿಸುವುದು ಅರ್ಧ ಕೆಲಸ. ಬೆಳಕಿನಲ್ಲಿ ತಿಳಿಸಿ ಕಳುಹಿಸಿದರೆ ಅದು ಪೂರ್ಣ ಕಾಯಕ.

ಕಡಲಾಚೆಯ ಮನೆಗೆ ಹೇಳಿದ ಈ ಮಾತು ಇಲ್ಲಿಯ ಮನೆಗಳಿಗೂ ಸಲ್ಲುತ್ತದೆ. ಊಟ ಮಾಡದಿದ್ದರೆ ಗುಮ್ಮ ಬರುವನು, ಮಲಗದಿದ್ದರೆ ಬೂಚಿ ಹಿಡಿಯುವನು ಎಂದು ನಾವು ಮಕ್ಕಳಲ್ಲಿ ದಿನವೂ ದೆವ್ವವನ್ನು ನೆಡುತ್ತೇವೆ. ಸಿಪ್ಪೆ ಸುಲಿದ ವಯರನ್ನು ಮಾತ್ರ ಬಚ್ಚಲುಮನೆಯ ಗೋಡೆಯಲ್ಲಿ ವರುಷಗಟ್ಟಲೆ ನೇತಾಡಲು ಬಿಡುತ್ತೇವೆ. ಜಾತ್ರೆಯ ಮಂಟಪಕ್ಕೆ ಹಂದರ ಹಾಕುವಾಗ ಮುಹೂರ್ತ ಕೇಳುತ್ತೇವೆ, ಹೊರಹೋಗುವ ದಾರಿ ಎಷ್ಟೆಂದು ಕೇಳುವುದಿಲ್ಲ. ಇಲ್ಲದುದಕ್ಕೆ ಅಂಜಿ, ಇರುವುದಕ್ಕೆ ಅಂಜದಿರುವ ಈ ತಲೆಕೆಳಗಾದ ಬಾಳನ್ನು ನೆಟ್ಟಗೆ ನಿಲ್ಲಿಸುವುದೇ ಅರಿವು. ಈ ತಿಂಗಳು ಪ್ರತಿಯೊಂದು ಮನೆಯಲ್ಲಿಯೂ ಹಿರಿಯರೂ ಕಿರಿಯರೂ ಕೂಡಿ ಮನೆಯ ತಂತಿ, ಸ್ವಿಚ್ಚು, ಗ್ಯಾಸಿನ ಕೊಳವೆಗಳನ್ನು ಒಮ್ಮೆ ಪರೀಕ್ಷಿಸಲಿ. ಆ ಬಳಿಕ ಮಕ್ಕಳಿಗೆ ಬೇಕಾದಷ್ಟು ದೆವ್ವದ ಕಥೆ ಹೇಳಿರಿ, ಅವರೂ ನಗಲಿ, ನೀವೂ ನಗಿರಿ.